ಅತ್ತೆಯನ್ನು ಕೇರ್ ಹೋಮಿಗೆ ಸೇರಿಸುವ ಮುಂಚೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಬಾಗಲಕೋಟೆಯಿಂದ ಇಂಗ್ಲೆಂಡಿನ ಲೆಸ್ಟರಿಗೆ ಬಂದು ಇನ್ನೂ ಸೂಟ್‌ಕೇಸ್ ಬಿಚ್ಚಿ ಮುಗಿದಿಲ್ಲ, ಆಗಲೇ ಮನೆಯಲ್ಲಿ ದೊಡ್ಡ ಮಾತು ಎದ್ದಿದೆ. ಅತ್ತೆಗೆ ಮರೆವಿನ ಕಾಯಿಲೆ ಜಾಸ್ತಿಯಾಗಿದೆ, ರಾತ್ರಿ ಬಾಗಿಲು ತೆಗೆದು ಹೊರಗೆ ಹೋಗುತ್ತಾರೆ, ನಿನ್ನ ಗಂಡ ಕೇರ್ ಹೋಮ್ ಅನ್ನುತ್ತಿದ್ದಾರೆ. ಅಲ್ಲಿ ವಯಸ್ಸಾದವರು ನಿಜವಾಗಿ ಹೇಗಿರುತ್ತಾರೆ, ಊರಲ್ಲಿ ಜನ ಏನಂದಾರು ಅಂತ ಕೇಳಿದ್ದೀಯ. ನಾನು ಇಂಥ ಹೋಮುಗಳಲ್ಲೇ ದುಡಿದವಳು, ಸ್ವಲ್ಪ ಉದ್ದ ಬರೆಯುತ್ತೇನೆ.

ಜನ ಅಂತಾರೆ. ಅನ್ನುವವರು ಯಾರೂ ರಾತ್ರಿ ಎರಡಕ್ಕೆ ಎದ್ದು ಅತ್ತೆಯ ಬಟ್ಟೆ ಬದಲಿಸಲು ಬರಲ್ಲ. ಅದನ್ನು ಅಲ್ಲಿಗೇ ಬಿಡು.

ಹೋಮಿನ ಫೋಟೋ ನೋಡಿ ಮಾತ್ರ ತೀರ್ಮಾನ ಮಾಡಬೇಡ. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡು ನವನಗರಕ್ಕೆ ಬಂದ ಹಿರಿಯರು ನಿಮ್ಮ ಕಡೆಯೂ ಇರಬೇಕಲ್ವಾ? ರಸ್ತೆ ಅಗಲ, ಮನೆ ಹೊಸದು, ಗಾಳಿ ಬೆಳಕಿಗೆ ಕೊರತೆ ಇಲ್ಲ. ಆದರೆ ಹಳೇ ಓಣಿಯ ಕಟ್ಟೆ ಇಲ್ಲ, ಹಾಯುವಾಗ ‘ಊಟ ಆಯ್ತೇನ್ರಿ’ ಅನ್ನುವವರಿಲ್ಲ. ಎಷ್ಟೋ ಮಂದಿ ಅದರಲ್ಲೇ ಮಂಕಾದರು. ಹೋಮಿಗೆ ಬರುವವರ ಕಷ್ಟವೂ ಹೆಚ್ಚುಕಮ್ಮಿ ಅದೇ. ಹಾಸಿಗೆ, ಔಷಧಿ, ಹೀಟರ್ ಎಲ್ಲ ಸಿಗುತ್ತವೆ. ಯಾವಾಗ ಏಳಬೇಕು, ಏನು ಉಡಬೇಕು, ಯಾರ ಪಕ್ಕ ಕೂರಬೇಕು ಅನ್ನುವುದು ಅವರ ಕೈಯಲ್ಲಿ ಉಳಿದಿದೆಯಾ? ಒಳ್ಳೆ ಹೋಮಿಗೂ ಕೆಟ್ಟ ಹೋಮಿಗೂ ವ್ಯತ್ಯಾಸ ಇರುವುದು ಅಲ್ಲೇ.

ಇಂಗ್ಲೆಂಡಿನಲ್ಲಿ ಕೇರ್ ಹೋಮುಗಳನ್ನು ಪರೀಕ್ಷಿಸುವುದು ಕೇರ್ ಕ್ವಾಲಿಟಿ ಕಮಿಷನ್. ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್ ಅಂತ ನಾಲ್ಕು ದರ್ಜೆ, ಮೊದಲನೆಯದು ಅತಿ ಒಳ್ಳೆಯದು, ಕೊನೆಯದು ಅತಿ ಕೆಟ್ಟದ್ದು. ರಿಪೋರ್ಟ್ ಆನ್‌ಲೈನಿನಲ್ಲಿ ಸಿಗುತ್ತದೆ, ಓದು. ತಾರೀಕನ್ನೂ ನೋಡು, ಕೆಲವು ವರ್ಷಗಟ್ಟಲೆ ಹಳೆಯವು.

ಆಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಸುಮ್ನೆ ಒಂದು ಮೂಲೆಯಲ್ಲಿ ಕೂತು ನೋಡು. ತುತ್ತು ಕೊಡುವ ಹುಡುಗಿ ಕೂತು ಕೊಡುತ್ತಾಳಾ, ನಿಂತು ಬಾಯಿಗೆ ತುರುಕುತ್ತಾಳಾ? ಕರೆಗಂಟೆ ಹೊಡೆದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಟೀವಿ ಎದುರು ಸಾಲಾಗಿ ಕೂರಿಸಿ ಬಿಟ್ಟಿದ್ದಾರಾ? ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಅಂತ ನೇರವಾಗಿ ಕೇಳು. ಇದಕ್ಕೆ ತಡವರಿಸುವ ಮ್ಯಾನೇಜರ್ ನನಗಂತೂ ಇಷ್ಟವಾಗಲ್ಲ.

ನಿನ್ನ ಅತ್ತೆಯ ವಿಷಯದಲ್ಲಿ ನಿಜವಾದ ತೊಂದರೆ ಭಾಷೆ. ದಶಕಗಳಿಂದ ಇಲ್ಲೇ ಇದ್ದರೂ ಈಗ ಬರೀ ಕನ್ನಡ ಮಾತಾಡುತ್ತಾರೆ ಅಂದೆ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಹೋಗುವುದು ಸಾಮಾನ್ಯ. ಲೆಸ್ಟರಿನಲ್ಲಿ ಗುಜರಾತಿಗಳು ಜಾಸ್ತಿ ಇರುವುದರಿಂದ ಸಸ್ಯಾಹಾರಿ ಅಡುಗೆ ಸಿಕ್ಕೀತು, ಕನ್ನಡ ಸಿಗುವುದು ಕಷ್ಟ. ನೀರು, ನೋವು, ಚಳಿ, ಸಾಕು, ಪಾಯಖಾನೆ ಇಂಥ ಹತ್ತಿಪ್ಪತ್ತು ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಚಿತ್ರ ಅಂಟಿಸಿ, ಮಂಚದ ಪಕ್ಕ ತೂಗುಹಾಕು.

ಅತ್ತೆಯನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹೋಮಿನವರು ಕೇರ್ ಪ್ಲಾನ್ ಬರೆಯುವಾಗ ಪಕ್ಕದಲ್ಲೇ ಕೂರು. ಕೊರಳಲ್ಲಿ ಲಿಂಗ ಇದ್ದರೆ ಅದು ಸರ ಅಲ್ಲ, ಸ್ನಾನಕ್ಕೆ ತೆಗೆಯಬಾರದು ಅಂತ ಬರೆಸು. ಇಲ್ಲಿನ ಹುಡುಗಿಯರಿಗೆ ಗೊತ್ತಿರಲ್ಲ, ಒಳ್ಳೆ ಮನಸ್ಸಿನಿಂದಲೇ ಬಿಚ್ಚಿ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ಅಜ್ಜಿ ಆಮೇಲೆ ಇಡೀ ದಿನ ಊಟ ಮುಟ್ಟಲ್ಲ, ಯಾಕೆ ಅಂತ ಯಾರಿಗೂ ತಿಳಿಯಲ್ಲ. ಬೆಳಿಗ್ಗೆ ವಿಭೂತಿ, ಪಾಯಖಾನೆಗೆ ಒಂದು ತಂಬಿಗೆ ನೀರು, ಮೈ ತೊಳೆಯಲು ಹೆಂಗಸರೇ ಬೇಕು ಅನ್ನುವುದನ್ನೂ ಬರೆಸು. ಸೀರೆ ದಿನಾ ಉಡಿಸುವುದು ಆಗಲಿಕ್ಕಿಲ್ಲ, ಎತ್ತುವ ಯಂತ್ರದ ಪಟ್ಟಿಗೆ ಸೆರಗು ಸಿಕ್ಕಿಕೊಳ್ಳುತ್ತದೆ. ಹಬ್ಬಕ್ಕೆ ನೀನೇ ಹೋಗಿ ಇಳಕಲ್ ಸೀರೆ ಉಡಿಸು.

ರೊಟ್ಟಿ ಒಯ್ಯುವ ಮುಂಚೆ ಕೇಳು. ನುಂಗಲು ಕಷ್ಟ ಇದ್ದರೆ ಎಷ್ಟು ಮೆತ್ತಗಿನ ಊಟ ಅಂತ ತಜ್ಞರು ನಿಗದಿ ಮಾಡಿರುತ್ತಾರೆ. ಆಗ ರೊಟ್ಟಿ ಬೇಡ, ಜೋಳದ ನುಚ್ಚನ್ನಾದರೂ ಎಷ್ಟು ನುಣ್ಣಗೆ ಮಾಡಬೇಕು ಅಂತ ಅವರನ್ನೇ ಕೇಳಿ ಒಯ್ಯಿ.

ಕೂಡಿ ಹಾಕುತ್ತಾರಾ ಅಂತಲೂ ಹೆದರಿದ್ದೀಯ. ಬಾಗಿಲಿಗೆ ನಂಬರಿನ ಬೀಗ ಇರುತ್ತದೆ, ಹೌದು. ಆದರೆ ಒಪ್ಪಿಗೆ ಕೊಡುವಷ್ಟು ತಿಳಿವಳಿಕೆ ಉಳಿಯದವರನ್ನು ಹಾಗೆ ತಡೆದಿಡಲು ಹೋಮಿನವರು ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ ಅನುಮತಿ ಪಡೆಯಬೇಕು. 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆಯ ಕೆಳಗೆ ಅದಕ್ಕೆ ವಿಚಾರಣೆ ಇದೆ, ಮನೆಯವರ ಮಾತೂ ಕೇಳುತ್ತಾರೆ.

ದುಡ್ಡಿನ ಮಾತು ಚುಟುಕಾಗಿ. ಅತ್ತೆಯ ಹೆಸರಿನ ಆಸ್ತಿ, ಉಳಿತಾಯ 23,250 ಪೌಂಡಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಪೂರ್ತಿ ಖರ್ಚು ಅವರದೇ. ಊರಲ್ಲಿ ಅವರ ಹೆಸರಲ್ಲಿ ಹೊಲ ಇದ್ದರೆ ಅದನ್ನೂ ಹೇಳಬೇಕು, ಮುಚ್ಚಿಡಬೇಡಿ. ದುಡ್ಡು ಎಷ್ಟೇ ಇರಲಿ, ಕೌನ್ಸಿಲ್‌ನಿಂದ ನೀಡ್ಸ್ ಅಸೆಸ್‌ಮೆಂಟ್, ಅಂದರೆ ಅತ್ತೆಗೆ ಎಂಥ ನೆರವು ಬೇಕು ಅನ್ನುವ ಪರಿಶೀಲನೆ, ಮಾಡಿಸಿಕೊಳ್ಳಿ, ಅದು ಪುಕ್ಕಟೆ. ಮನೆಯಲ್ಲೇ ಇಟ್ಟುಕೊಂಡು ದಿನಕ್ಕೆ ಕೆಲವು ಗಂಟೆ ಕೇರರ್ ಬಂದರೆ ಸಾಕಾಗಬಹುದು ಅನ್ನುವುದೂ ಅಲ್ಲೇ ತಿಳಿಯುತ್ತದೆ.

ಕೆಲವು ಹೋಮುಗಳು ರೆಸ್ಪಿಟ್ ಅಂತ ಒಂದೆರಡು ವಾರಕ್ಕೆ ಮಾತ್ರ ಇರಿಸಿಕೊಳ್ಳುತ್ತವೆ. ಮೊದಲು ಅದನ್ನೇ ಮಾಡಿ. ಆ ದಿನಗಳಲ್ಲಿ ಹೊತ್ತು ಬದಲಿಸಿ ಬದಲಿಸಿ ಹೋಗಿ ಬಾ, ಭಾನುವಾರ ಸಂಜೆ ತಪ್ಪಿಸಬೇಡ. ಹೋದಾಗ ‘ನಾನ್ಯಾರು ಹೇಳಿ ನೋಡೋಣ’ ಅಂತ ಪರೀಕ್ಷೆ ಮಾಡಬೇಡ. ಹೆಸರು ಹೇಳಿ ಪಕ್ಕದಲ್ಲಿ ಕೂರು, ತಲೆಗೆ ಎಣ್ಣೆ ಹಚ್ಚು. ನೀವು ನೋಡಿ ಬಂದ ಹೋಮುಗಳ ಹೆಸರು ನನಗೆ ಕಳಿಸು, ರಿಪೋರ್ಟ್ ಓದಿ ಏನನ್ನಿಸಿತು ಹೇಳುತ್ತೇನೆ.