ನೀಸ್‌ನಲ್ಲಿ ಮರಳಿಲ್ಲ, ಆದರೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ

ಜೂನ್‌ನಲ್ಲಿ ಅಪ್ಪ ಅಮ್ಮ ಯುರೋಪಿಗೆ ಬರುತ್ತಿದ್ದಾರೆ, ಇಬ್ಬರೂ ಸಸ್ಯಾಹಾರಿಗಳು, ಫ್ರಾನ್ಸಿನ ನೀಸ್‌ನಲ್ಲಿ ಮೂರು ದಿನ ಇದ್ದರೆ ಹೇಗೆ, ಬೀಚ್ ಚೆನ್ನಾಗಿದೆಯಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿ ನಮ್ಮ ಅಪ್ಪ ಅಮ್ಮನನ್ನು ಜರ್ಮನಿಯಿಂದ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಬೀಚ್ ವಿಷಯ ಮುಗಿಸಿಬಿಡೋಣ. ನಾವು ಕುಂದಾಪುರದ ಕಡೆಯವರು. ಕಡಲು ಅಂದರೆ ಮರಳು, ಮರಳು ಅಂದರೆ ಚಪ್ಪಲಿ ಬಿಟ್ಟು ನಡೆಯೋದು. ನೀಸ್‌ನಲ್ಲಿ ಅಮ್ಮ ಹಾಗೇ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟು, "ಇದೆಂಥ ಕಡಲು ಮಾರಾಯ, ಬರೀ ಕಲ್ಲು!" ಅಂತ ನಿಂತುಬಿಟ್ಟರು. ನಿಜ. ಊರಿನ ಮುಂದಿನ ದಡದ ತುಂಬ ಬೂದು ಬಣ್ಣದ ನುಣುಪು ಕಲ್ಲು. ಕೆಲವು ನಿಂಬೆಹಣ್ಣಿನಷ್ಟು, ಕೆಲವು ಅಂಗೈಯಷ್ಟು. ಅಲೆ ವಾಪಸ್ ಹೋಗುವಾಗ ಕಲ್ಲೆಲ್ಲ ಒಟ್ಟಿಗೆ ಉರುಳುತ್ತವೆ. ಮೊರದಲ್ಲಿ ಕಡಲೆ ಕೇರಿದ ಹಾಗೆ ಸದ್ದು. ನೀರು ಬೇಗ ಆಳ ಆಗುತ್ತದೆ, ಆದ್ದರಿಂದ ಈಜು ಬಾರದವರು ಹುಷಾರು. ಕಲ್ಲಿನ ಮೇಲೆ ಹಾಕಿಕೊಳ್ಳೋ ರಬ್ಬರ್ ಚಪ್ಪಲಿ ಅಲ್ಲೇ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲ ದಿನವೇ ತೆಗೆದುಕೊಳ್ಳಿ.

ಇನ್ನೊಂದು ವಿಚಿತ್ರ ಅಪ್ಪನ ಕಣ್ಣಿಗೆ ಬಿತ್ತು. ಬೆಳಿಗ್ಗೆ ನೀರು ಎಲ್ಲಿತ್ತೋ ಸಂಜೆಯೂ ಹೆಚ್ಚುಕಡಿಮೆ ಅಲ್ಲೇ. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ತುಂಬಾ ಕಡಿಮೆ. "ಕೆರೆ ಇದ್ದ ಹಾಗಿದೆ" ಅಂದರು. ಬಣ್ಣ ಮಾತ್ರ ಕೆರೆಯದಲ್ಲ. ದಡದ ಹತ್ತಿರ ಹಾಲು ಬೆರೆಸಿದ ನೀಲಿ, ಆಚೆ ಒಮ್ಮೆಲೇ ಶಾಯಿ.

ಹಾಗಾದರೆ ಯಾಕೆ ಹೋಗಬೇಕು ಅಂತೀರಾ? ಯಾಕಂದರೆ ಈ ಊರು ಬೆಳೆದದ್ದು ಈಜುವವರಿಗಾಗಿ ಅಲ್ಲ, ಬಿಸಿಲು ಕಾಯಿಸುವವರಿಗಾಗಿ. 18ನೇ ಶತಮಾನದಿಂದಲೇ ಇಂಗ್ಲೆಂಡಿನ ಹಣವಂತರು ಚಳಿ ತಪ್ಪಿಸಿಕೊಳ್ಳಲು ಇಲ್ಲಿಗೆ ಬರುತ್ತಿದ್ದರು. ಅದೂ ಚಳಿಗಾಲದಲ್ಲಿ. ಅವರು ಸಮುದ್ರ ನೋಡುತ್ತಾ ಅಡ್ಡಾಡೋದಕ್ಕೆ 1820ರ ದಶಕದಲ್ಲಿ ಒಂದು ಕಾಲುದಾರಿ ಮಾಡಿಸಿದರು. ಅದೇ ಈಗಿನ ಪ್ರೊಮೆನಾಡ್ ದೆಜ಼ಾಂಗ್ಲೆ, ಅಂದರೆ ಇಂಗ್ಲಿಷರ ಅಡ್ಡಾಟದ ದಾರಿ. ಆಗ ನೀಸ್ ಫ್ರಾನ್ಸಿನಲ್ಲಿರಲಿಲ್ಲ, ಇಟಲಿ ಕಡೆಯ ರಾಜರ ಕೈಯಲ್ಲಿತ್ತು. ಕಾಯಂ ಆಗಿ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗರಿಬಾಲ್ಡಿ ಹುಟ್ಟಿದ್ದು ಇದೇ ಊರಲ್ಲಿ, 1807ರಲ್ಲಿ. ಅದಕ್ಕೇ ಹಳೇ ಊರಿನ ಗಲ್ಲಿಗಳು, ಹಳದಿ ಕೆಂಪು ಗೋಡೆಗಳು ಎಲ್ಲ ಇಟಲಿಯ ಹಾಗೇ ಕಾಣುತ್ತವೆ. ಈ ಚಳಿಗಾಲದ ಊರು ಅನ್ನೋ ಕಾರಣಕ್ಕೇ 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ವಯಸ್ಸಾದವರಿಗೆ ಇದರಿಂದ ಏನು ಲಾಭ ಅಂದರೆ, ಕೂರೋದಕ್ಕೆ ಜಾಗಕ್ಕೆ ಬರ ಇಲ್ಲ. ಸುಮಾರು ಏಳು ಕಿಲೋಮೀಟರ್ ಉದ್ದದ ಸಪಾಟು ದಾರಿ. ಪಕ್ಕದಲ್ಲಿ ಸಮುದ್ರಕ್ಕೆ ಮುಖ ಮಾಡಿದ ನೀಲಿ ಕುರ್ಚಿಗಳು. ದುಡ್ಡು ಕೊಡಬೇಕಿಲ್ಲ, ಯಾರೂ ಎಬ್ಬಿಸೋದಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು ಇರುತ್ತದೆ. ನಮ್ಮಪ್ಪ ಸಂಜೆ ಆರಕ್ಕೆ ಕೂತವರು, ಕತ್ತಲಾಗಲಿಲ್ಲ ಅಂತ ಎದ್ದೇ ಇಲ್ಲ. ನನ್ನ ಪಟ್ಟಿಯಲ್ಲಿದ್ದ ಎರಡು ಮ್ಯೂಸಿಯಂ ಹಾಗೇ ಹೋದವು. ಬೇಜಾರೇನೂ ಆಗಲಿಲ್ಲ.

ಈಗ ಊಟ. ಇದು ಭಯಪಡುವಂಥದ್ದಲ್ಲ, ಆದರೆ ಕಣ್ಣು ತೆರೆದಿರಬೇಕು. ನೀಸ್‌ನ ದೊಡ್ಡ ಪುಣ್ಯ 'ಸೊಕ್ಕಾ'. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಎತ್ತಿನ ಗಾಡಿಯ ಚಕ್ರದ ಥರ ಅಗಲದ ತಾಮ್ರದ ತಟ್ಟೆಗೆ ತೆಳ್ಳಗೆ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಅಂಚು ಕರಕಲು, ನಡು ಮೆತ್ತಗೆ. ಕೆರೆದು ತುಂಡು ಮಾಡಿ ಕೊಡುತ್ತಾರೆ, ಮೇಲೆ ಕಾಳುಮೆಣಸಿನ ಪುಡಿ. ಅಮ್ಮ ಒಂದು ತುಂಡು ಬಾಯಿಗಿಟ್ಟು, "ಕಡ್ಲೆಹಿಟ್ಟಿನ ದೋಸೆಯೇ ಅಲ್ವಾ, ಹಸಿಮೆಣಸು ಹಾಕೋದು ಮರೆತಿದ್ದಾರೆ" ಅಂದರು. ಮೂರು ದಿನವೂ ತಿಂದರು ಅನ್ನೋದು ಬೇರೆ ಮಾತು. ಬಿಸಿ ಇರುವಾಗಲೇ ತಿನ್ನಿ, ಆರಿದರೆ ಚರ್ಮದ ಹಾಗಾಗುತ್ತದೆ. ಪಿಸ್ಸಲಾದಿಯೇರ್ ಅನ್ನೋ ಈರುಳ್ಳಿ ರೊಟ್ಟಿ ನೋಡಿದರೆ ಸಸ್ಯಾಹಾರ ಅನ್ನಿಸುತ್ತದೆ. ಅಲ್ಲ, ಅದರಲ್ಲಿ ಆಂಚೊವಿ ಮೀನಿರುತ್ತದೆ. ನೀಸ್ ಸಲಾಡ್‌ನಲ್ಲೂ ಮೀನು, ಮೊಟ್ಟೆ ಇರುತ್ತದೆ. ರವಿಯೋಲಿ ಒಳಗೆ ದನದ ಮಾಂಸ ಇರಬಹುದು, ಕೇಳಿಯೇ ತೆಗೆದುಕೊಳ್ಳಿ. ತುಳಸಿಯ ತಂಗಿಯಂಥ ಬೇಸಿಲ್ ಸೊಪ್ಪು, ಬೆಳ್ಳುಳ್ಳಿ ಅರೆದು ಮಾಡೋ ಪಿಸ್ತೂ ಪಾಸ್ತಾ ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಡಿಸಿತು.

ಒಂದು ತಪ್ಪು ನಾವು ಮಾಡಿದೆವು. ಮಧ್ಯಾಹ್ನ ಮೂರಕ್ಕೆ ಆರಾಮಾಗಿ ಊಟಕ್ಕೆ ಹೋದೆವು. ಮೂರು ಹೋಟೆಲ್‌ನಲ್ಲೂ ಅಡುಗೆಮನೆ ಮುಚ್ಚಿದೆ ಅಂದರು. ಎರಡು ಗಂಟೆ ದಾಟಿದರೆ ಮತ್ತೆ ಒಲೆ ಹಚ್ಚೋದು ಏಳರ ಮೇಲೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಆವತ್ತು ಬ್ರೆಡ್ಡು ಬಾಳೆಹಣ್ಣಲ್ಲಿ ಕಳೆದೆವು. ನೀವು ಹನ್ನೆರಡೂವರೆಗೇ ಕೂತುಬಿಡಿ. ಕುಡಿಯೋ ನೀರಿಗೆ "ಕರಾಫ್ ದೋ" ಅನ್ನಿ, ನಲ್ಲಿ ನೀರು ಬಿಟ್ಟಿ ಕೊಡುತ್ತಾರೆ. ಮತ್ತೆ, ಯಾವ ಅಂಗಡಿಗೆ ಹೋದರೂ ಮೊದಲು "ಬೊಂಜೂರ್". ಅದನ್ನು ಹೇಳದೆ ನೇರ ವಿಷಯಕ್ಕೆ ಬಂದರೆ ಮುಖ ಗಂಟಾಗುತ್ತದೆ.

ಬೆಳಿಗ್ಗೆ ಕೂರ್ ಸಲೇಯಾ ಸಂತೆಗೆ ಹೋಗಿ. ಹೂವು, ತರಕಾರಿ, ಆಲಿವ್. ಸೋಮವಾರ ಮಾತ್ರ ತರಕಾರಿ ಇರೋದಿಲ್ಲ, ಹಳೇ ಸಾಮಾನಿನ ಸಂತೆ. ಅಲ್ಲಿಂದ ಹತ್ತಿರವೇ ಶಾತೋ ಗುಡ್ಡ. ಹೆಸರಲ್ಲಿ ಕೋಟೆ ಇದೆ, ಗುಡ್ಡದ ಮೇಲಿಲ್ಲ. 1706ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿ ಕೆಡವಿಸಿಬಿಟ್ಟ. ಮೆಟ್ಟಿಲು ಜಾಸ್ತಿ, ಆದರೆ ಲಿಫ್ಟ್ ಇದೆ. ಮೇಲಿಂದ ಕಾಣೋ ದಡದ ಬಾಗು ನೀವು ಫೋಟೋದಲ್ಲಿ ನೋಡಿರುತ್ತೀರಿ. ಸರಿಯಾಗಿ ಹನ್ನೆರಡಕ್ಕೆ ಢಮ್ ಅಂತ ಸದ್ದಾದರೆ ಗಾಬರಿ ಬೇಡ. ಅದು ಮಧ್ಯಾಹ್ನದ ತೋಪು, ದಿನಾ ಹಾರಿಸುತ್ತಾರೆ. ಹೆಂಡತಿ ಊಟದ ಹೊತ್ತಿಗೆ ಮನೆಗೆ ಬರುತ್ತಿರಲಿಲ್ಲ ಅಂತ ಒಬ್ಬ ಸ್ಕಾಟಿಷ್ ಸಾಹೇಬ ಶುರು ಮಾಡಿಸಿದ್ದು ಅಂತ ಕಥೆ. ಅಪ್ಪನಿಗೆ ಇಡೀ ಪ್ರವಾಸದಲ್ಲಿ ಇಷ್ಟವಾದ ಇತಿಹಾಸ ಇದೊಂದೇ.

ಮರಳು ಬೇಕೇ ಬೇಕು ಅಂದರೆ ರೈಲು ಹತ್ತಿ ವಿಲ್‌ಫ್ರಾಂಶ್‌ಗೆ ಹೋಗಿ. ಹತ್ತು ನಿಮಿಷವೂ ಬೇಡ, ಸ್ಟೇಷನ್ನಿನ ಕೆಳಗೇ ಬೀಚ್. ಅದೇ ರೈಲು ಮುಂದೆ ಮೊನಾಕೋಗೆ, ನಿಂಬೆಹಣ್ಣಿಗೆ ಹೆಸರಾದ ಮಾಂತೋಂಗೆ ಹೋಗುತ್ತದೆ. ಹೋಗುವಾಗ ಬಲಗಡೆ ಕೂತರೆ ಸಮುದ್ರ. ಮೊನಾಕೋ ನನಗೆ ಅಷ್ಟಕ್ಕಷ್ಟೇ, ಕಾರು ನೋಡೋ ಹುಚ್ಚಿದ್ದರೆ ಹೋಗಿ. ಏರ್‌ಪೋರ್ಟ್‌ನಿಂದ ಊರೊಳಕ್ಕೆ ಟ್ರಾಮ್ ಇದೆ, ಟ್ಯಾಕ್ಸಿ ಬೇಡ. ಟ್ರಾಮಿನ ನೂಕುನುಗ್ಗಲಲ್ಲಿ ಪರ್ಸ್ ಮುಂದಿನ ಜೇಬಲ್ಲಿರಲಿ.

ಕೊನೆಗೆ ಒಂದು ಮಾತು, ಹೊರಡೋ ಮುಂಚೆ ಅಮ್ಮನ ಬ್ಯಾಗ್ ನೋಡಿ. ಅಲ್ಲಿ ಬೀಚಿನ ಕಲ್ಲು ತೆಗೆದುಕೊಂಡು ಹೋಗೋ ಹಾಗಿಲ್ಲ, ನಿಷೇಧ. ನಮ್ಮಮ್ಮ ಮೊದಲ ದಿನ ಬೈದ ಅದೇ ದಡದಲ್ಲಿ ಮೂರನೇ ದಿನ ಒಂದು ಗಂಟೆ ಹುಡುಕಿ, ಶುಂಠಿ ಜಜ್ಜೋದಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಂತ ಒಂದು ಉದ್ದುದ್ದದ ಕಲ್ಲನ್ನು ಸೀರೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಏರ್‌ಪೋರ್ಟಿಗೆ ಹೋಗೋ ದಾರಿಯಲ್ಲಿ ಇಳಿದು, ವಾಪಸ್ ಇಟ್ಟು ಬಂದೆವು.