ಊಟದ ಹೊತ್ತನ್ನು ಹಿಡಿದು ಮಲೆನಾಡು ಸುತ್ತುವುದು ಹೇಗೆ?

ಪ್ರಶ್ನೆ: ಕಳೆದ ವರ್ಷ ಎರಡೇ ದಿನಗಳಲ್ಲಿ ಶಿವಮೊಗ್ಗ ಸೀಮೆಯ ಒಂಬತ್ತು ಸ್ಥಳಗಳನ್ನು ನೋಡಿ ಬಂದೆವು. ಒಂದು ದಿನವಂತೂ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಬನ್ನು, ಬಾಳೆಹಣ್ಣಿನಲ್ಲಿ ಮುಗಿಯಿತು. ಈ ಬಾರಿ ವಯಸ್ಸಾದ ತಂದೆ-ತಾಯಿಯೊಡನೆ ಕಾರಿನಲ್ಲಿ ಮೂರು ದಿನ ನಿಧಾನವಾಗಿ ಸುತ್ತಿ, ಅಲ್ಲಿನ ಅಡುಗೆಯನ್ನು ಉಂಡು ಬರಬೇಕೆಂದಿದ್ದೇವೆ. ಯಾವ ತಿಂಗಳು, ಯಾವ ದಾರಿ ಒಳ್ಳೆಯದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೋಡುವ ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು, ಮೂರು ಮಧ್ಯಾಹ್ನದ ಊಟ ಎಲ್ಲೆಲ್ಲಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ, ದಾರಿ ತಾನಾಗಿ ಕೂಡಿಬರುತ್ತದೆ. ಮಲೆನಾಡಿನ ಅಡುಗೆಯ ಬಹುಪಾಲು ಇಂದಿಗೂ ಮನೆಗಳಲ್ಲಿಯೇ ಉಳಿದಿದೆ. ಆದ್ದರಿಂದ ಹೋಂಸ್ಟೇಗೋ ಊಟ ಹಾಕುವ ಮನೆಗೋ ಹಿಂದಿನ ದಿನವೇ ಫೋನ್ ಮಾಡಿ, ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತೀರಿ, ಹಿರಿಯರಿಗೆ ಖಾರ ಕಡಿಮೆಯಿರಬೇಕೇ ಎಂಬುದನ್ನೆಲ್ಲ ತಿಳಿಸಿ. ಕಡುಬಿಗೆ ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಡಬೇಕು. ಬಾಗಿಲಿಗೆ ಬಂದು ನಿಂತ ಮೇಲೆ ಕೇಳಿದರೆ ಅದು ಸಿಗುವುದಿಲ್ಲ.

ಹಿರಿಯರು ಜೊತೆಗಿರುವುದರಿಂದ ಜನವರಿ ಕೊನೆಯ ವಾರದಿಂದ ಫೆಬ್ರುವರಿಯವರೆಗಿನ ದಿನಗಳನ್ನು ಸೂಚಿಸುತ್ತೇನೆ. ಕಳಲೆ (ಎಳೆ ಬಿದಿರಿನ ಮೊಳಕೆ) ಪಲ್ಯ, ಕೆಸುವಿನೆಲೆಯ ಪತ್ರೊಡೆ ಮಳೆಗಾಲದವು ಎಂಬುದು ನಿಜ. ಆದರೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ರಕ್ತ ಹೀರುವ ಉಂಬಳದ ನಡುವೆ ಕಾರಿನಿಂದ ಇಳಿಯುವುದೇ ಅವರಿಗೆ ಕಷ್ಟ. ಫೆಬ್ರುವರಿಯಲ್ಲಿ ಜೋಗದ ನೀರು ತೆಳುವಾಗಿರುತ್ತದೆ. ಅದಕ್ಕೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ, ಅದು ಆಲೆಮನೆಯ ಕಾಲ.

ಸಾಗರ, ಹೊಸನಗರದ ಕಡೆ ಆಲೆಮನೆ ನಡೆಯುತ್ತಿದ್ದರೆ, ಯಜಮಾನರ ಅನುಮತಿ ಕೇಳಿ ಒಂದು ಗಂಟೆ ಅಲ್ಲಿ ಕುಳಿತುಕೊಳ್ಳಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಜೋನಿ (ನೀರು) ಬೆಲ್ಲವಾಗುವುದನ್ನು ನೋಡಬಹುದು. ಆ ಸೀಮೆಯ ಮನೆಗಳಲ್ಲಿ ಇದೇ ಕಾಲಕ್ಕೆ ತೊಡೆದೇವು ಮಾಡುತ್ತಾರೆ: ಬೋರಲು ಹಾಕಿದ ಗಡಿಗೆಯ ಕೆಳಗೆ ಬೆಂಕಿಯಿರುತ್ತದೆ, ಕೋಲಿಗೆ ಸುತ್ತಿದ ಬಟ್ಟೆಯನ್ನು ಕಬ್ಬಿನ ಹಾಲು ಸೇರಿಸಿದ ಅಕ್ಕಿ ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನ ಮೇಲೆ ಒಮ್ಮೆ ಎಳೆದರೆ ಕಾಗದದಷ್ಟು ತೆಳ್ಳಗಿನ ಪದರ ಮೂಡುತ್ತದೆ. ಅದು ಗರಿಯಾಗುವ ಮೊದಲೇ ಬಿಸಿಬಿಸಿಯಾಗಿ ಎಬ್ಬಿಸಿ ಮುಕ್ಕೋನವಾಗಿ ಮಡಚಬೇಕು. ಒಂದು ಕ್ಷಣ ತಡವಾದರೂ ಮುರಿಯುತ್ತದೆ. ಹಾಲು, ತುಪ್ಪದೊಡನೆ ತಿಂದರೆ ಹಿರಿಯರ ಹಲ್ಲಿಗೂ ಹಿತ.

ದಾರಿಯ ವಿಷಯಕ್ಕೆ ಬಂದರೆ, ಮೊದಲ ದಿನ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಮಾತ್ರ ಸಾಗಿ. ಬೆಳಿಗ್ಗೆ ಸಕ್ರೆಬೈಲಿನ ಆನೆ ಬಿಡಾರ ನೋಡಿ, ಒಂದು ಗಂಟೆಗೆ ಕಡುಬು-ಕೋಳಿ ಸಾರಿಗೋ ಅಕ್ಕಿ ರೊಟ್ಟಿಗೋ ಕುಳಿತು, ನಿದ್ದೆ ತೆಗೆದು, ಸಂಜೆ ಕುಪ್ಪಳಿಗೆ ಹೋಗಿ. ಎರಡನೆಯ ದಿನ ಶೃಂಗೇರಿಯಲ್ಲಿ ಮಧ್ಯಾಹ್ನದ ಪ್ರಸಾದ, ಹಿಂದಿರುಗುವಾಗ ಆಗುಂಬೆಯ ಸೂರ್ಯಾಸ್ತ. ತೀರ್ಥಹಳ್ಳಿಯಲ್ಲೇ ಮತ್ತೆ ತಂಗಿದರೆ ಪೆಟ್ಟಿಗೆ ಕಟ್ಟುವ ಗಲಾಟೆ ತಪ್ಪುತ್ತದೆ. ಮೂರನೆಯ ದಿನ ಹೊಸನಗರದ ಮೇಲೆ ಸಾಗರಕ್ಕೆ ಬಂದು, ಮಜ್ಜಿಗೆ ಸೇರಿಸಿದ ಒಂದೆಲಗದ ತಂಬುಳಿ, ಮಾವಿನಕಾಯಿಯ ತಿಳಿಸಾರಾದ ಅಪ್ಪೆಹುಳಿಯ ಊಟ ಮುಗಿಸಿಕೊಂಡರೆ, ಶಿವಮೊಗ್ಗಕ್ಕೆ ಉಳಿಯುವುದು ಸುಮಾರು 72 ಕಿ.ಮೀ. ಇದಕ್ಕೆ ಇನ್ನೊಂದು ಸ್ಥಳವನ್ನೂ ಸೇರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಸಾಗರದಲ್ಲಿ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಕೊಳ್ಳುವಾಗ ಒಂದು ಮಿಡಿಯನ್ನು ಕಚ್ಚಿ ನೋಡಿ: ಒಳ್ಳೆಯದಾದರೆ ಕಟುಂ ಎನ್ನುತ್ತದೆ, ಸೊನೆಯ ಪರಿಮಳ ಮೂಗಿಗೆ ಬಡಿಯುತ್ತದೆ. ಎಣ್ಣೆಯಿಲ್ಲದೆ ಉಪ್ಪುನೀರಿನಲ್ಲೇ ನಿಂತ ಮಿಡಿಯಾದ್ದರಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ದಾರಿಯಲ್ಲಿ ಸೋರುತ್ತದೆ. ಮನೆಯಿಂದಲೇ ಬಿಗಿ ಮುಚ್ಚಳದ, ಒಳಗೆ ತೇವವಿಲ್ಲದ ಗಾಜಿನ ಭರಣಿಯೊಂದನ್ನು ಒಯ್ಯಿರಿ.