ಬಯೋಶಾಕ್ ಮುಗಿಸಿದ ಮೇಲೆ ಬಯೋಶಾಕ್ 2 ಆಡಬೇಕಾ, ಸುಮ್ನೆ ಬಿಟ್ಟುಬಿಡಬೇಕಾ?

ಆಡಿ. ಬಿಡಬೇಡಿ.

ನೀವು ಕೇಳಿದ್ದು ಇಷ್ಟು: ಗದಗದಲ್ಲಿದ್ದೀರಿ, ಮೊದಲನೇ ಬಯೋಶಾಕ್ ಗೇಮ್ ಈಗಷ್ಟೇ ಮುಗಿಸಿದ್ದೀರಿ, ಎರಡನೇದು ಬರೀ ದುಡ್ಡಿಗಾಗಿ ಮಾಡಿದ್ದು, ಅದನ್ನ ಬಿಟ್ಟು ಸೀದಾ ಮೂರನೇದಾದ ಇನ್‌ಫಿನಿಟ್‌ಗೆ ಹೋಗು ಅಂತ ಗೆಳೆಯ ಹೇಳುತ್ತಿದ್ದಾನೆ, ಇರೋದು ಹಳೇ ಲ್ಯಾಪ್‌ಟಾಪ್, ಟೈಮೂ ಕಡಿಮೆ. ನಾನು ಹುಬ್ಬಳ್ಳಿಯವನು, ಕತೆ ಇರೋ ಶೂಟರ್ ಗೇಮ್ ಅಂದರೆ ಊಟ ಬಿಟ್ಟು ಕೂರುವ ಜಾತಿ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಮೊದಲನೇದರ ಗುಟ್ಟು ನಿಮಗೆ ಗೊತ್ತಿದೆ, ಅದನ್ನ ಮುಚ್ಚಿಡುವುದಿಲ್ಲ. ಎರಡನೇದರ ಕೊನೆ ಹೇಳುವುದಿಲ್ಲ, ಆದರೆ ನಡುವಿನ ಒಂದು ಘಟನೆ ಹೇಳಲೇಬೇಕು.

ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೊದಲನೇದು 2007ರಲ್ಲಿ ಬಂತು, ಕೆನ್ ಲೆವಿನ್ ಅವರ ತಂಡ ಮಾಡಿದ್ದು. ಎರಡನೇದು 2010ರ ಫೆಬ್ರವರಿಯಲ್ಲಿ ಬಂತು, ಅದನ್ನ ಮಾಡಿದವರು ಕ್ಯಾಲಿಫೋರ್ನಿಯಾದ 2ಕೆ ಮರೀನ್ ಅನ್ನೋ ಬೇರೆ ಸ್ಟುಡಿಯೋದವರು. ಲೆವಿನ್ ಇದರಲ್ಲಿ ಇರಲಿಲ್ಲ. ಮೊದಲನೇದು ಚೆನ್ನಾಗಿ ಓಡಿತು, ಅದಕ್ಕೇ ಇನ್ನೊಂದು ಬಂತು, ಅದು ನಿಜ. ಆದರೆ ದುಡ್ಡಿಗಾಗಿ ಮಾಡಿದ್ದೆಲ್ಲ ಕೆಟ್ಟದ್ದಾಗಿರಬೇಕು ಅಂತೇನಿಲ್ಲ, ಅಲ್ವಾ? ಮತ್ತೆ ಹೊಸ ಸ್ಟುಡಿಯೋ ಅಂದರೆ ಏನೂ ಗೊತ್ತಿಲ್ಲದವರು ಅಂತ ತಿಳಿಯಬೇಡಿ. ಮೊದಲನೇದರಲ್ಲಿ ಫೋರ್ಟ್ ಫ್ರಾಲಿಕ್ ನೆನಪಿದೆಯಾ? ಆ ಹುಚ್ಚು ಕಲಾವಿದ ಸ್ಯಾಂಡರ್ ಕೊಹೆನ್ ನಿಮ್ಮ ಕೈಯಲ್ಲಿ ಹೆಣಗಳ ಫೋಟೊ ತೆಗೆಸಿ ಚೌಕಟ್ಟಿಗೆ ಹಾಕಿಸುತ್ತಾನಲ್ಲ, ಆ ಜಾಗ. ಅದನ್ನ ವಿನ್ಯಾಸ ಮಾಡಿದ ಜೋರ್ಡಾನ್ ಥಾಮಸ್ ಅವರೇ ಎರಡನೇ ಗೇಮಿನ ಮುಖ್ಯಸ್ಥ. ಇಡೀ ಮೊದಲ ಗೇಮಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಲೆವೆಲ್ ಅದೇ, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದೆ ಅಂತಲೇ ಇಟ್ಟುಕೊಳ್ಳಿ.

ಎರಡನೇದರಲ್ಲಿ ಸಿಗದೇ ಇರುವುದು ಆ ಮೊದಲ ಬೆರಗು. ಸಮುದ್ರದ ತಳದಲ್ಲಿ ದೀಪ ಉರಿಯುತ್ತಿರೋ ಊರು ಮೊದಲ ಸಲ ಕಣ್ಣಿಗೆ ಬಿದ್ದಾಗ ಬಾಯಿ ತೆರೆದುಕೊಂಡು ನೋಡಿದ್ದೀವಲ್ಲ, ಅದು ಒಂದೇ ಸಲ ಆಗೋದು. ಆದರೆ ಸಿದ್ಧಾರೂಢರ ಜಾತ್ರೆಗೆ ಮೊದಲ ವರ್ಷ ಹೋದವನು ತೇರು, ಲೈಟು, ಗದ್ದಲ ಮಾತ್ರ ನೋಡಿ ಬರುತ್ತಾನೆ, ಮರುವರ್ಷ ಹೋದಾಗ ಅಲ್ಲಿರೋ ಮಂದಿ ಕಾಣುತ್ತಾರೆ. ರ‍್ಯಾಪ್ಚರ್ ಊರೂ ಎರಡನೇ ಸಲ ಹಾಗೇ. ಮೊದಲನೇದರಲ್ಲಿ ದೊಡ್ಡವರ ಮಹಲು, ಥಿಯೇಟರು, ತೋಟ ತಿರುಗಿದಿರಿ. ಇದರಲ್ಲಿ ಪಾಪರ್ಸ್ ಡ್ರಾಪ್ ಅಂತ ಒಂದು ಕೇರಿ ಬರುತ್ತದೆ. ರೈಲು ಹಳಿ ಕೆಳಗೆ, ದುಡ್ಡಿಲ್ಲದವರು ಗುಡಿಸಲು ಹಾಕಿಕೊಂಡಿರೋ ಜಾಗ. ಈ ಊರಿನ ಒಡೆಯ ಆಂಡ್ರ್ಯೂ ರಯಾನ್ ಅಷ್ಟೆಲ್ಲ ಭಾಷಣ ಬಿಗಿದನಲ್ಲ, ಅವನ ಊರು ಕಟ್ಟಿದವರು ಕೊನೆಗೆ ಎಲ್ಲಿ ಉಳಿದರು ಅಂತ ಇಲ್ಲಿ ಗೊತ್ತಾಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೊದಲನೇದರಲ್ಲಿ ರಯಾನ್ ಸಾಯುವ ದೃಶ್ಯದವರೆಗೆ ಗೇಮ್ ಮೇಲೆ ಏರುತ್ತಲೇ ಹೋಗುತ್ತದೆ. ರೇಡಿಯೊದಲ್ಲಿ ದಾರಿ ತೋರಿಸುತ್ತಿದ್ದ ಅಟ್ಲಾಸ್ ಹೇಳಿದ್ದಕ್ಕೆಲ್ಲ ನೀವು ಯಾಕೆ ಹೂಂ ಅಂದಿರಿ ಅಂತ ಆಗ ತಿಳಿಯುತ್ತದೆ. ಆಮೇಲೆ? ನಿಜ ಹೇಳಿ, ಆಮೇಲೆ ಬೋರ್ ಆಗಲಿಲ್ವಾ? ಬೂಟು ಹುಡುಕು, ಹೆಲ್ಮೆಟ್ ಹುಡುಕು, ಮುಳುಗುಗಾರರ ಸೂಟಿನ ದೈತ್ಯ ಕಾವಲುಗಾರ ಬಿಗ್ ಡ್ಯಾಡಿ ವೇಷ ಹಾಕಿಕೊ, ಅವನು ಕಾಯೋ ಪುಟ್ಟ ಹುಡುಗಿ, ಒಂದು ಲಿಟ್ಲ್ ಸಿಸ್ಟರ್ ಹಿಂದೆ ನಡೆದು ಕಾವಲು ಕಾಯಿ, ಕೊನೆಗೆ ಅಟ್ಲಾಸ್ ಅಂತ ನಾಟಕ ಆಡಿದ್ದ ಫಾಂಟೇನ್ ದೊಡ್ಡ ಬೊಂಬೆ ತರ ಆಗಿ ಬಂದು ಹೊಡೆದಾಡುತ್ತಾನೆ. ರಯಾನ್ ಕೈಯಲ್ಲಿ ಗುಲಾಮ ಅಂತ ಬೈಸಿಕೊಂಡ ಮೇಲೂ ಇನ್ನೊಬ್ಬರು ಹೇಳಿದ ಕೆಲಸವನ್ನೇ ಮಾಡಿಕೊಂಡು ಹೋಗುತ್ತೀವಿ. ಕತೆ ಅಷ್ಟು ದೊಡ್ಡ ಪ್ರಶ್ನೆ ಎತ್ತಿ ತಾನೇ ಮರೆತುಬಿಟ್ಟಿತು ಅನ್ನಿಸಿತ್ತು ನನಗೆ.

ಎರಡನೇ ಗೇಮ್ ಸರಿಯಾಗಿ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಇಲ್ಲಿ ನೀವು ವೇಷದ ಬಿಗ್ ಡ್ಯಾಡಿ ಅಲ್ಲ, ನಿಜವಾದವನೇ. ಹೆಸರು ಸಬ್ಜೆಕ್ಟ್ ಡೆಲ್ಟಾ. 1958ರ ಕೊನೆಯ ರಾತ್ರಿ ಸತ್ತವನು 1968ರಲ್ಲಿ ಏಳುತ್ತಾನೆ, ಅಂದರೆ ಮೊದಲ ಗೇಮಿನ ಕತೆ ನಡೆದು ಎಂಟು ವರ್ಷ ಆಗಿದೆ. ರಯಾನ್ ಇಲ್ಲ. ಊರು ಈಗ ಸೋಫಿಯಾ ಲ್ಯಾಂಬ್ ಅನ್ನೋ ಮನೋವೈದ್ಯೆ ಕೈಯಲ್ಲಿದೆ. ರಯಾನ್ 'ನಾನು, ನಂದು' ಅಂತಿದ್ದ, ಈಕೆ 'ಎಲ್ಲರಿಗಾಗಿ ಎಲ್ಲವೂ' ಅನ್ನುತ್ತಾಳೆ, ಕೊನೆಗೆ ಇಬ್ಬರ ಕೈಯಲ್ಲೂ ಸಾಯುವವರು ಅದೇ ಬಡವರು. ಡೆಲ್ಟಾ ಕಾಯುತ್ತಿದ್ದ ಹುಡುಗಿ ಎಲೀನರ್ ಈಕೆಯ ಮಗಳು. ಅವಳಿಂದ ದೂರ ಉಳಿದರೆ ಡೆಲ್ಟಾ ಉಳಿಯುವುದಿಲ್ಲ, ಅವನನ್ನ ಮಾಡಿರುವುದೇ ಹಾಗೆ. ಅವಳನ್ನ ಹುಡುಕಿಕೊಂಡು ಹೋಗಬೇಕು. ಕತೆ ಇಷ್ಟೇ, ಸರಳ.

ಹೊಡೆದಾಟ ಮಾತ್ರ ಮೊದಲನೇದಕ್ಕಿಂತ ಎಷ್ಟೋ ಪಾಲು ಮೇಲು. ಇದರಲ್ಲಿ ಎರಡು ಮಾತಿಲ್ಲ. ಮೊದಲನೇದರಲ್ಲಿ ಬಂದೂಕು ಇಟ್ಟು ಪ್ಲಾಸ್ಮಿಡ್ (ಕೈಯಿಂದ ಬೆಂಕಿ, ಮಿಂಚು ಬಿಡೋ ಶಕ್ತಿ) ತೆಗಿ, ಪ್ಲಾಸ್ಮಿಡ್ ಇಟ್ಟು ಬಂದೂಕು ತೆಗಿ ಅಂತ ಒದ್ದಾಡಿದ್ದೀರಲ್ಲ, ಇಲ್ಲಿ ಎಡಗೈಯಲ್ಲಿ ಪ್ಲಾಸ್ಮಿಡ್, ಬಲಗೈಯಲ್ಲಿ ಆಯುಧ, ಎರಡೂ ಒಟ್ಟಿಗೆ. ಕೈಗೆ ದೊಡ್ಡ ಡ್ರಿಲ್ ಬರುತ್ತದೆ. ಯಂತ್ರಗಳನ್ನ ಹ್ಯಾಕ್ ಮಾಡೋಕೆ ಆ ಪೈಪು ಜೋಡಿಸೋ ಆಟ ಇಲ್ಲ, ಮೀಟರಿನ ಮುಳ್ಳು ಹಸಿರು ಜಾಗಕ್ಕೆ ಬಂದಾಗ ಒತ್ತಬೇಕು, ಅಷ್ಟರಲ್ಲಿ ಸುತ್ತ ಇರೋರು ನಿಮಗೆ ಹೊಡೆಯುತ್ತಲೇ ಇರುತ್ತಾರೆ. ಮಜಾ ಅಂದರೆ ಲಿಟ್ಲ್ ಸಿಸ್ಟರ್‌ನ ಹೆಗಲ ಮೇಲೆ ಕೂರಿಸಿಕೊಂಡು ಹೋಗೋದು. ಅವಳು ಹೆಣ ತೋರಿಸುತ್ತಾಳೆ, ಕೆಳಗಿಳಿಸಿದರೆ ಸೂಜಿ ಚುಚ್ಚಿ ಆಡಮ್ ಅನ್ನೋ ಶಕ್ತಿಯ ರಸ ತೆಗೆಯೋಕೆ ಕೂರುತ್ತಾಳೆ, ಆ ವಾಸನೆಗೆ ಸುತ್ತಲಿನ, ಆಡಮ್ ಚಟಕ್ಕೆ ಬಿದ್ದು ಹುಚ್ಚಾದ ಸ್ಪ್ಲೈಸರ್‌ಗಳೆಲ್ಲ ನುಗ್ಗುತ್ತಾರೆ. ಅವಳನ್ನ ಇಳಿಸೋಕೆ ಮುಂಚೆ ನೀವು ಜಾಗ ನೋಡಬೇಕು: ಬಾಗಿಲು ಎಷ್ಟು, ಮೇಲಿಂದ ಯಾರಾದರೂ ಬರಬಹುದಾ, ನೀರು ಎಲ್ಲಿ ನಿಂತಿದೆ. ಬಾಗಿಲಿಗೆ ಟ್ರ್ಯಾಪ್ ರಿವೆಟ್ ಹೊಡೆದು, ಮೆಟ್ಟಿಲ ಹತ್ತಿರ ಸುಂಟರಗಾಳಿ ಬಲೆ ಇಟ್ಟು, ತಾನೇ ಗುಂಡು ಹಾರಿಸೋ ಪುಟ್ಟ ಟರೆಟ್ ಮೂಲೆಗೊಂದು ಎಸೆದು, ಆಮೇಲೆ ಅವಳನ್ನ ಇಳಿಸಿ ನಿಲ್ಲಬೇಕು. ಮೊದಲ ಬಲೆ ಸಿಡಿದ ಸದ್ದು ಕೇಳಿದಾಗ ಇದೆಯಲ್ಲ, ಆಹಾ! ಮೊದಲನೇ ಗೇಮಿನಲ್ಲಿ ಬೋರ್ ಆಗಿದ್ದ ಅದೇ ಕಾವಲು ಕೆಲಸ ಇಲ್ಲಿ ಗೇಮಿನ ಜೀವ. ಒಂದು ಲೆವೆಲ್‌ನ ಹುಡುಗಿಯರನ್ನೆಲ್ಲ ಉಳಿಸಿಯೋ ಕೊಂದೋ ಆದ ಮೇಲೆ ಬಿಗ್ ಸಿಸ್ಟರ್ ಕಿರುಚಿಕೊಂಡು ಬರುತ್ತಾಳೆ. ಅದರ ಬಗ್ಗೆ ಏನೂ ಹೇಳುವುದಿಲ್ಲ, ಮದ್ದು ಗುಂಡು ಉಳಿಸಿಕೊಂಡಿರಿ ಅಷ್ಟೇ.

ಆದರೆ ನೀವು ಕತೆಗಾಗಿ ಕೇಳಿದ್ದೀರಿ, ಅದಕ್ಕೆ ಆ ಒಂದು ಘಟನೆ. ಪಾಪರ್ಸ್ ಡ್ರಾಪ್‌ನಲ್ಲಿ ಗ್ರೇಸ್ ಹಾಲೋವೇ ಅಂತ ಒಬ್ಬ ವಯಸ್ಸಾದ ಹೆಂಗಸು ಇದ್ದಾಳೆ. ಒಂದು ಕಾಲಕ್ಕೆ ಹಾಡುಗಾರ್ತಿ. ಆಕೆಗೆ ಮಕ್ಕಳಾಗಲಿಲ್ಲ, ಎಲೀನರ್‌ನ ನೋಡಿಕೊಳ್ಳೋಕೆ ಲ್ಯಾಂಬ್ ಆಕೆಯ ಹತ್ತಿರ ಬಿಟ್ಟಿದ್ದಳು, ಆ ಮಗು ಕಾಣೆಯಾಯಿತು. ಮುಂದೊಂದು ದಿನ ಅದೇ ಮಗು ಒಬ್ಬ ಬಿಗ್ ಡ್ಯಾಡಿ ಜೊತೆ ಕಂಡಿತು, ಗ್ರೇಸ್ ಮಗುವಿನ ಹತ್ತಿರ ಓಡಿದಳು, ಆ ಬಿಗ್ ಡ್ಯಾಡಿ ಆಕೆಯ ದವಡೆ ಮುರಿದ. ಆ ಬಿಗ್ ಡ್ಯಾಡಿ ನೀವೇ. ಹಾಗಾಗಿ ಆ ಕೇರಿ ಪೂರ್ತಿ ಮೈಕಿನಲ್ಲಿ ನಿಮ್ಮನ್ನ ಬೈದು ಜನರನ್ನ ಮೇಲೆ ಬಿಡುತ್ತಾಳೆ. ಕೊನೆಗೆ ಆಕೆಯ ಕೋಣೆಗೆ ಹೋದರೆ ಬಂದೂಕಿಲ್ಲ, ಏನಿಲ್ಲ, ಸುಮ್ನೆ ನಿಂತಿರುತ್ತಾಳೆ. ನಿಮಗೆ ಬೇಕಾದ ಕೀಲಿ ಸಿಗುತ್ತದೆ. ಆಕೆಯನ್ನ ಕೊಲ್ಲಬಹುದು, ಬಿಟ್ಟು ಹೋಗಬಹುದು. ಇದನ್ನ ಮಾಡು ಅಂತ ಯಾರೂ ಹೇಳುವುದಿಲ್ಲ.

ನಾನು ಇದನ್ನ ಆಡುವಾಗ ವಿದ್ಯಾನಗರದ ರೂಮಿನಲ್ಲಿ ನನ್ನ ಜೊತೆ ಬ್ಯಾಡಗಿ ಕಡೆಯ ಹುಡುಗ ಒಬ್ಬ ಇದ್ದ. ಗೇಮ್ ಅಂದರೆ ಮಾರು ದೂರ, ಮಂಚದ ಮೇಲೆ ಮಿರ್ಚಿ ತಿನ್ನುತ್ತಾ ಮೊಬೈಲ್ ನೋಡುತ್ತಾ ಬಿದ್ದಿದ್ದ. ಗ್ರೇಸ್ ಅಷ್ಟೆಲ್ಲ ಬೈದಿದ್ದಕ್ಕೆ ನನಗೂ ಸಿಟ್ಟಿತ್ತು, ಡ್ರಿಲ್ ಎತ್ತಿದ್ದೆ. ಆ ಹುಡುಗ ಅದು ಯಾವಾಗ ಮೊಬೈಲ್ ಕೆಳಗಿಟ್ಟಿದ್ದನೋ ಗೊತ್ತಿಲ್ಲ, "ಬ್ಯಾಡಲೇ, ಬಿಡ ಆಕೀನ, ಮುದುಕಿ ಅದಾಳ" ಅಂದ. ಬಿಟ್ಟೆ. ಹೊರಗೆ ಬರುವಾಗ ಗ್ರೇಸ್ ದನಿಯೇ ಬೇರೆ ಆಗಿತ್ತು, ಇಷ್ಟು ದಿನ ರಾಕ್ಷಸ ಅಂದುಕೊಂಡವನು ಯಾಕೆ ಹೊಡೆಯಲಿಲ್ಲ ಅಂತ ಆಕೆಗೇ ಗೊಂದಲ. ಇಂಗ್ಲಿಷ್ ಸರಿಯಾಗಿ ತಲೆಗೆ ಹೋಗದ ಆ ಹುಡುಗ ಆಮೇಲೆ ದಿನಾ "ಮುಂದ ಏನಾತು" ಅಂತ ಕೇಳೋಕೆ ಶುರು ಮಾಡಿದ.

ಇಂಥವರು ಇನ್ನೂ ಇಬ್ಬರು ಸಿಗುತ್ತಾರೆ, ಒಬ್ಬೊಬ್ಬರದು ಒಂದೊಂದು ತರ, ಎಲ್ಲರೂ ಗ್ರೇಸ್‌ನಷ್ಟು ಸುಲಭ ಅಲ್ಲ. ಈ ಎಲ್ಲವನ್ನೂ ಎಲೀನರ್ ನೋಡುತ್ತಿರುತ್ತಾಳೆ. ಅಪ್ಪ ಏನು ಮಾಡುತ್ತಾನೋ ಮಗಳು ಅದನ್ನೇ ಕಲಿಯುತ್ತಾಳೆ, ಕೊನೆಗೆ ಅವಳು ತನ್ನ ತಾಯಿಗೆ ಏನು ಮಾಡುತ್ತಾಳೆ ಅನ್ನೋದು ನೀವು ಇವರಿಗೆಲ್ಲ ಏನು ಮಾಡಿದಿರಿ ಅನ್ನೋದರ ಮೇಲೆ ನಿಂತಿದೆ. ಮೊದಲನೇದರಲ್ಲಿ ಹುಡುಗಿಯನ್ನ ಕೊಂದರೆ 160 ಆಡಮ್, ಉಳಿಸಿದರೆ 80, ಮೂವರನ್ನ ಉಳಿಸಿದರೆ ಆ ಹುಡುಗಿಯರನ್ನ ಕಾಪಾಡೋ ವಿಜ್ಞಾನಿ ಟೆನೆನ್‌ಬಾಮ್ ಕಡೆಯಿಂದ 200ರ ಉಡುಗೊರೆ. ಲೆಕ್ಕ ಹಾಕಿದರೆ ಒಳ್ಳೆಯವನಾಗಿದ್ದಕ್ಕೆ ಹೆಚ್ಚೇನೂ ನಷ್ಟ ಇಲ್ಲ, ಬರೀ ಕೂಡಿಸಿ ಕಳೆಯೋ ಕೆಲಸ. ಇಲ್ಲಿ ಆ ಲೆಕ್ಕ ಇದ್ದರೂ ನನಗೆ ಅದು ಮುಖ್ಯ ಅನ್ನಿಸಲಿಲ್ಲ, ಒಂದು ಮಗು ನೋಡುತ್ತಿದೆ ಅನ್ನೋದೇ ತಲೆಯಲ್ಲಿತ್ತು. ಮೊದಲನೇದರ ತರ ಬೆಚ್ಚಿಬೀಳಿಸೋ ತಿರುವು ಇದರಲ್ಲಿಲ್ಲ. ತಿರುವಿಗಾಗಿಯೇ ಕಾಯುತ್ತಾ ಕೂತರೆ ನಿರಾಸೆ ಗ್ಯಾರಂಟಿ.

ಕೊರತೆಗಳೂ ಇವೆ. ಮೊದಲ ಒಂದೆರಡು ಗಂಟೆ ನಿಧಾನ, ಇದೇನಪ್ಪ ಹಳೇದನ್ನೇ ಮತ್ತೆ ಬಡಿಸಿದ್ದಾರೆ ಅನ್ನಿಸುತ್ತದೆ, ನಿಮ್ಮ ಗೆಳೆಯ ಬಹುಶಃ ಅಲ್ಲೇ ಎದ್ದು ಹೋಗಿರಬೇಕು. ಒಂದು ಲೆವೆಲ್ ಮುಗಿಸಿ ರೈಲು ಹತ್ತಿದರೆ ಹಿಂದೆ ಬರೋ ಹಾಗಿಲ್ಲ, ಹಾಗಾಗಿ ಮೂಲೆ ಮೂಲೆ ನೋಡಿಕೊಂಡೇ ಹತ್ತಿ. ಇನ್ನು ಲ್ಯಾಂಬ್ ಇಷ್ಟು ದೊಡ್ಡ ಮನುಷ್ಯಳಾಗಿದ್ದರೆ ಮೊದಲ ಗೇಮಿನಲ್ಲಿ ಅವಳ ಹೆಸರೇ ಯಾಕೆ ಬರಲಿಲ್ಲ? ಆಮೇಲೆ ಸೇರಿಸಿದ್ದು, ಅದಕ್ಕೇ. ಅದನ್ನ ಮುಚ್ಚಿಕೊಳ್ಳೋಕೆ ಕತೆ ಕಷ್ಟಪಡುವುದು ಕಾಣುತ್ತದೆ. ರಯಾನ್‌ನಷ್ಟು ಗತ್ತು ಆಕೆಗಿಲ್ಲ.

ಇದೆಲ್ಲ ಹೋಗಲಿ, ಮಿನರ್ವಾಸ್ ಡೆನ್ ಅಂತ ಒಂದು ಸಣ್ಣ ಕತೆ ಇದರ ಜೊತೆ ಇದೆ, 2010ರಲ್ಲೇ ಮೊದಲು ಬಂದದ್ದು. ಅದೊಂದಕ್ಕಾಗಿಯೇ ಗೇಮ್ ತಗೊಂಡರೂ ನಷ್ಟ ಇಲ್ಲ. ರ‍್ಯಾಪ್ಚರ್‌ನ ಲೆಕ್ಕ ಪತ್ರ, ಯಂತ್ರ ಎಲ್ಲ ನಡೆಸೋ ಥಿಂಕರ್ ಅನ್ನೋ ದೊಡ್ಡ ಕಂಪ್ಯೂಟರ್, ಅದನ್ನ ಕಟ್ಟಿದ ಪೋರ್ಟರ್ ಅನ್ನೋ ವ್ಯಕ್ತಿ, ಅವನ ಮನೆಯ ಒಂದು ದುಃಖ. ಒಂದು ಭಾನುವಾರ ಕೂತರೆ ಮುಗಿಯುತ್ತದೆ. ನಿಮಗೆ ತಿರುವು ಬೇಕಿದ್ದರೆ ಇದರಲ್ಲಿದೆ, ಮತ್ತೆ ಅದು ನಿಮ್ಮನ್ನ ಮೂರ್ಖ ಮಾಡೋಕೆ ಇಟ್ಟ ತಿರುವಲ್ಲ. ಇದನ್ನ ಮಾಡಿದ ಸ್ಟೀವ್ ಗೇನರ್ ಮುಂದೆ ಒಂದೇ ಒಂದು ಗುಂಡು ಹಾರದ ಗಾನ್ ಹೋಮ್ ಅನ್ನೋ ಗೇಮ್ ಮಾಡಿ ಹೆಸರಾದರು, 2013ರಲ್ಲಿ. ದಯವಿಟ್ಟು ಇದರ ಬಗ್ಗೆ ಯೂಟ್ಯೂಬ್‌ನಲ್ಲಿ ಏನೂ ನೋಡಬೇಡಿ.

ಇನ್‌ಫಿನಿಟ್ ಎಲ್ಲಿಗೂ ಓಡಿ ಹೋಗುವುದಿಲ್ಲ. ಅದರ ಊರು ಬೇರೆ, ಆಕಾಶದಲ್ಲಿರೋದು, ಕಾಲ 1912. ಅದನ್ನ ಆಡೋಕೆ ಎರಡನೇದು ಗೊತ್ತಿರಲೇಬೇಕು ಅಂತಿಲ್ಲ, ಗೆಳೆಯ ಅಷ್ಟರ ಮಟ್ಟಿಗೆ ಸರಿ. ಆದರೆ ಇನ್‌ಫಿನಿಟ್ ಆಡಿ ಹಿಂದೆ ಬಂದರೆ ಎರಡನೇದು ಕಣ್ಣಿಗೆ ಹಳೇದಾಗಿ ಕಾಣುತ್ತದೆ, ಅರ್ಧಕ್ಕೇ ಬಿಡುತ್ತೀರಿ. ಒಂದು, ಎರಡು, ಮಿನರ್ವಾಸ್ ಡೆನ್, ಇನ್‌ಫಿನಿಟ್, ಆಮೇಲೆ ಅದರ ಸೇರ್ಪಡೆ ಕತೆ ಬರಿಯಲ್ ಅಟ್ ಸೀ, ಇದೇ ಸಾಲಿನಲ್ಲಿ ಹೋಗಿ.

ಲ್ಯಾಪ್‌ಟಾಪ್ ವಿಷಯ. 2016ರಲ್ಲಿ ಎರಡನೇದರ ರೀಮಾಸ್ಟರ್, ಅಂದರೆ ತಿದ್ದಿ ಹೊಸದು ಮಾಡಿದ ಆವೃತ್ತಿ ಬಂತು, ಅದಕ್ಕೆ ಸುಮಾರು 25 ಜಿಬಿ ಜಾಗ ಬೇಕು, ಮಿನರ್ವಾಸ್ ಡೆನ್ ಅದರೊಳಗೇ ಇದೆ, ಮಲ್ಟಿಪ್ಲೇಯರ್ ಇಲ್ಲ, ಅದು ಇಲ್ಲದಿದ್ದರೂ ಏನೂ ಕಳೆದುಕೊಳ್ಳುವುದಿಲ್ಲ. ಕಂಪ್ಯೂಟರ್‌ನಲ್ಲಿ ರೀಮಾಸ್ಟರ್ ಆಗಾಗ ಕ್ರ್ಯಾಶ್ ಆಗುತ್ತದೆ, ನನ್ನ ಹತ್ತಿರವೂ ಆಗಿದೆ, ಬಾಗಿಲು ದಾಟಿದಾಗೆಲ್ಲ ಕೈಯಾರೆ ಸೇವ್ ಮಾಡಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ತೀರಾ ಹಳೇದಿದ್ದರೆ 2010ರ ಮೂಲ ಆವೃತ್ತಿಯೇ ಒಳ್ಳೇದು, ನೋಡೋಕೆ ಹೆಚ್ಚೇನೂ ವ್ಯತ್ಯಾಸ ಇಲ್ಲ. ಪೂರ್ತಿ ಬೆಲೆ ಕೊಡಬೇಡಿ, ಸೇಲ್ ಬರುತ್ತಲೇ ಇರುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ, ಅಲ್ಲಲ್ಲಿ ಬಿದ್ದಿರೋ ದನಿ ಮುದ್ರಿಸಿದ ಆಡಿಯೋ ಡೈರಿಗಳಲ್ಲಿ ಅರ್ಧ ಕತೆ ಇದೆ, ಹೊಡೆದಾಟದ ಗದ್ದಲದಲ್ಲಿ ಕೇಳಿಸುವುದಿಲ್ಲ. ಗ್ರೇಸ್ ಕೋಣೆಗೆ ಹೋದಾಗ ನೀವೇನು ಮಾಡಿದಿರಿ ಅಂತ ಇಲ್ಲೇ ಕೆಳಗೆ ಬರೆಯಿರಿ. ಕೊಂದೆ ಅಂದರೂ ಬೈಯುವುದಿಲ್ಲ, ಆದರೆ ಬ್ಯಾಡಗಿ ಹುಡುಗನಿಗೆ ತೋರಿಸುತ್ತೇನೆ.